ಐದು ನಿಮಿಷ ನಾನಿಲ್ಲ

ನ್ಯೂ ಟೌನಿನಿಂದ ಶಿವಮೊಗ್ಗಕ್ಕೆ ದಿನವೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಕೆಲಸಕ್ಕೆ ಬರುತ್ತಿದ್ದ ಹುಡುಗಿಗೆ ಗ್ಲಾಕೋಮಾ ಇತ್ತು. ಈ ವಯಸ್ಸಿಗೇ ಅಜ್ಜಿಯರ ಕಾಯಿಲೆ ಎಂದು ಅವಳೇ ನಗುತ್ತಿದ್ದಳು. ಬಸ್ಸು ಹೊರಟ ಕೂಡಲೇ ತಲೆ ಹಿಂದಕ್ಕೆ ಒರಗಿಸಿ, ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು, ಮೂಗಿನ ಪಕ್ಕ ಬೆರಳೊತ್ತಿ, "ಐದು ನಿಮಿಷ ನಾನಿಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ಅವಳು ಕಣ್ಣು ಬಿಡುವ ತನಕ ಕಂಡಕ್ಟರ್ ಕೂಡ ಆಧಾರ್ ಕಾರ್ಡ್ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಡ್ರಾಪ್ಸಿನ ಹೊತ್ತಿಗೇ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರಂತೆ. ಕಾಯಿಲೆಯ ಸುದ್ದಿ ಎತ್ತಬೇಡ ಎಂದು ಅಮ್ಮ ಮೊದಲೇ ಹೇಳಿದ್ದರು. ಇವಳು ಎಲ್ಲರಿಗೂ ಕೇಸರಿಬಾತು ಕೊಟ್ಟು, ತನ್ನ ತಟ್ಟೆಯನ್ನು ಟೀಪಾಯಿ ಮೇಲಿಟ್ಟು, ಅವರೆದುರಿಗೇ ಬಾಟಲಿ ತೆಗೆದಳು.

"ಗ್ಲಾಕೋಮಾ ಇದೆ, ಇದನ್ನ ದಿನಾ ಹಾಕ್ಕೋಬೇಕು. ಐದು ನಿಮಿಷ ನಾನಿಲ್ಲ. ಅಷ್ಟರಲ್ಲಿ ನೀವು ನೋಡಿ ಮುಗಿಸಿ, ಆಮೇಲೆ ನಾನು ನೋಡ್ತೀನಿ."

ಸೋಮವಾರ ಬಸ್ಸಿನಲ್ಲಿ ನಾನು ಅಳುಕುತ್ತಲೇ ಕೇಳಿದೆ, "ಏನಂದ್ರು?"

"ಅವರು ಒಪ್ಕೊಂಡ್ರು. ನಾನೇ ಬೇಡ ಅಂದೆ."

"ಯಾಕೆ?"

"ಕಣ್ಣು ಬಿಟ್ಟು ನೋಡ್ತೀನಿ, ನನ್ನ ತಟ್ಟೇಲಿದ್ದ ಗೋಡಂಬಿನೆಲ್ಲ ಹುಡುಗ ಆರಿಸ್ಕೊಂಡು ತಿಂದಿದ್ದ ಮಾರಾಯ್ತಿ."