ನನ್ನ ಸಸ್ಪೆನ್ಷನ್ ಪ್ರಕರಣ

ನನಗೆ ಸಸ್ಪೆನ್ಷನ್ ಹುಚ್ಚು ಹಿಡಿದಿದೆ ಎಂದು ನನ್ನ ಹೆಂಡತಿ ಪೂರ್ಣಿಮಾ ಫೋನಿನಲ್ಲಿ ಹೇಳಿದ್ದನ್ನು ಕಳಸದ ಚಿಕ್ಕಮ್ಮ ಅರ್ಧ ಕೇಳಿಸಿಕೊಂಡು, "ಅಯ್ಯೋ, ಅವ್ನು ಕೆಲ್ಸಕ್ಕೆ ಸೇರಿದ್ದು ಯಾವಾಗ, ಸಸ್ಪೆಂಡ್ ಆಗಿದ್ದು ಯಾವಾಗ?" ಎಂದು ಗಾಬರಿಯಾದರಂತೆ. ಪೂರ್ಣಿಮಾ ಹೇಳಿದ್ದು ಕಾರಿನ ಕುಲುಕು ತಡೆಯುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಹುಚ್ಚಿನ ಬಗ್ಗೆ. ಆದರೂ ಚಿಕ್ಕಮ್ಮನ ತಪ್ಪಿಲ್ಲ. ಹನ್ನೆರಡು ಎಕರೆ ಕಾಫಿ ನೋಡಿಕೊಂಡಿರುವ ನನ್ನಂಥವನನ್ನು ಸಸ್ಪೆಂಡ್ ಮಾಡಲು ಪೂರ್ಣಿಮಾಳನ್ನು ಬಿಟ್ಟರೆ ಬೇರೆ ಮೇಲಧಿಕಾರಿ ಇಲ್ಲ. ಅವಳ ಆದೇಶವೂ ಆಗಲೇ ತಯಾರಾಗಿತ್ತು ಅನ್ನಿ.

ವಿಷಯ ಇಷ್ಟೆ. ಭತ್ತದ ಕೊಯ್ಲು ಮುಗಿದ ಮೇಲೆ ಮೂಡಿಗೆರೆ ಕಡೆ ಆಟೋಕ್ರಾಸ್ ಎಂಬ ಆಟ ನಡೆಯುತ್ತದೆ. ಗದ್ದೆಯನ್ನು ಮಟ್ಟ ಮಾಡಿ, ಹಗ್ಗ ಕಟ್ಟಿ, ಸೊಟ್ಟಸೊಟ್ಟ ದಾರಿ ಮಾಡಿ, ಒಬ್ಬೊಬ್ಬರಾಗಿ ಕಾರು ಓಡಿಸುವುದು. ಬೇಗ ಮುಗಿಸಿದವನು ಗೆದ್ದ. ವರ್ಷವಿಡೀ ಜೀಪಿನ ಡ್ರೈವರುಗಳಿಗೆ "ನಿಧಾನ, ನಿಧಾನ" ಎಂದು ಉಪದೇಶ ಮಾಡುವ ತೋಟದವರೆಲ್ಲ ಅಂದು ಹೆಲ್ಮೆಟ್ ಹಾಕಿಕೊಂಡು ಧೂಳೆಬ್ಬಿಸಲು ಬರುತ್ತೇವೆ. ನಾನು ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ಒಂದು ವರ್ಷ ನನಗಿಂತ ಹಿಂದೆ ಉಳಿದವನು, ಇಂಜಿನ್ ಕೆಟ್ಟು ನಿಂತವನು ಮಾತ್ರ.

ಹಾಗಾಗಿ ಪೂರ್ಣಿಮಾ ಈ ಸಲ ಷರತ್ತು ಹಾಕಿದಳು. "ಮೊದ್ಲ ಐದ್ರೊಳಗೆ ಬಂದ್ರೆ ಸರಿ. ಇಲ್ದಿದ್ರೆ ಆ ಸ್ಪ್ರಿಂಗ್ ಎಲ್ಲ ಬಿಚ್ಚಿ ಹಳೇದು ಹಾಕ್ಸಿ, ಈ ಆಟಕ್ಕೆ ಕೈ ಮುಗೀರಿ. ನನ್ ಸೊಂಟ ಏನ್ ಕಬ್ಬಿಣದ್ದಾ?" ಮನೆಗಿರುವುದು ಒಂದೇ ಕಾರು. ಮೊದಲು ಅವಳೇ ಅದನ್ನು ಓಡಿಸಿಕೊಂಡು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ನಾನು ಬಿಡಿಭಾಗ ಬದಲಾಯಿಸಲು ಶುರುಮಾಡಿದ ಮೇಲೆ, ಪಕ್ಕದಲ್ಲಿ ಒಂದು ಸಲ ಕೂತು ಬಂದವಳು ಮರುದಿನದಿಂದ ಬಸ್ಸು ಹಿಡಿದಳು. ಆದ್ದರಿಂದ ನಾನು ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ.

ತಿರುವಿನಲ್ಲಿ ಕಾರಿಗೆ ಎರಡು ರೋಗ. ಸ್ಟಿಯರಿಂಗ್ ತಿರುಗಿಸಿದರೂ ನೆಟ್ಟಗೆ ಹೋಗುವುದು ಒಂದು. ಹಿಂಭಾಗ ಜಾರಿ ಮುಂದೆ ಬರಲು ನೋಡುವುದು ಇನ್ನೊಂದು. ಇಂಟರ್ನೆಟ್ಟಿನ ಪಂಡಿತರು ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಎನ್ನುತ್ತಾರೆ. ಜೀಪುಗಳ ಕೆಳಗೇ ಆಯುಷ್ಯ ಕಳೆದ ಬಾಳೂರಿನ ಮೆಕ್ಯಾನಿಕ್ ಮೋನಪ್ಪನವರು "ಮೂತಿ ಓಡ್ತದೆ", "ಕುಂಡೆ ಬೀಸ್ತದೆ" ಎನ್ನುತ್ತಾರೆ. ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಮೋನಪ್ಪನವರದೇ ನಿಖರ.

ಅದು ಕಾಫಿ ಹೂ ಅರಳಿಸುವ ಹೂಮಳೆಯ ಕಾಲ. ಇಡೀ ಕಾಫಿನಾಡು ಆಕಾಶ ನೋಡುತ್ತಾ, "ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಿತ್ತು?" ಎಂದು ಮಳೆಯ ಲೆಕ್ಕ ಕೇಳಿಕೊಳ್ಳುತ್ತಿತ್ತು. ನಾನು ಮಾತ್ರ, ತಿರುವಿನಲ್ಲಿ ಕಾರು ವಾಲದಂತೆ ಅಡಿಯಲ್ಲಿ ಹಾಕುವ ಕಂಬಿಯ ದಪ್ಪದ ಚಿಂತೆಯಲ್ಲಿದ್ದೆ. ನಮ್ಮ ಬೇಲಿಯ ಪಕ್ಕ ತುಂಡು ತೋಟ ಇರುವ ಸಾಹುಕಾರರೊಬ್ಬರು ಪೇಟೆಯಿಂದ ಫೋನ್ ಮಾಡಿ, "ಅಲ್ಲಿ ಎಷ್ಟಾಯ್ತು?" ಎಂದಾಗ, "ಇಪ್ಪತ್ತೆರಡು ಮಿಲಿಮೀಟರ್" ಎಂದುಬಿಟ್ಟೆ. ಪಾಪ, ಅವರು ಖುಷಿಯಾಗಿ ಆ ತೋಟಕ್ಕೆ ಸ್ಪ್ರಿಂಕ್ಲರ್ ಕಳಿಸುವುದನ್ನೇ ನಿಲ್ಲಿಸಿದರಂತೆ. ಈಗಲೂ ಅವರನ್ನು ಕಂಡರೆ ನಾನು ರಸ್ತೆಯ ಆಚೆ ಬದಿ ಹಿಡಿಯುತ್ತೇನೆ.

ಮುಂದಿನ ಚಕ್ರಗಳಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ, ಮೂತಿ ಓಡಿತು. ಹಿಂದೆಯೂ ಗಟ್ಟಿಯದು ಹಾಕಿಸಿದೆ, ಸ್ವಲ್ಪ ಕಮ್ಮಿಯಾಯಿತು. ಇನ್ನೂ ಗಟ್ಟಿ, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್, ಮೇಲೆ ಆ ಕಂಬಿ. ನಮ್ಮ ಗದ್ದೆಯಲ್ಲೇ ಓಡಿಸಿ ನೋಡಿದರೆ, ಆಹಾ, ಹೇಳಿದ ಕಡೆಗೆ ತಿರುಗುತ್ತಿದೆ!

"ಈ ಸಣ್ಣ ಗಾಡಿಗೆ ಹಿಂದೆ ಇಷ್ಟು ಗಟ್ಟಿ ಯಾಕ್ ಬೇಕಾಯ್ತು ಮಾರಾಯ್ರೆ?" ಎಂದು ಮೋನಪ್ಪನವರು ತಲೆ ಕೆರೆದುಕೊಂಡರು.

"ವಿಜ್ಞಾನ, ಮೋನಪ್ಪನವ್ರೆ" ಎಂದೆ.

ಸ್ಪರ್ಧೆಯ ದಿನ ಮೋನಪ್ಪನವರು ನನ್ನ ಜೊತೆ ಬಂದರು, ಷರತ್ತಿನ ಫಲಿತಾಂಶ ನೋಡಲು ಪೂರ್ಣಿಮಾ ಬಸ್ಸಿನಲ್ಲಿ ಬಂದಳು. ತಪಾಸಣೆಯವರು ಡಿಕ್ಕಿ ತೆಗೆಸಿದರು. "ಒಳಗೆ ಸಾಮಾನು ಇರ್ಬಾರ್ದು ಸಾರ್, ಎಲ್ಲಾ ಇಳಿಸಿ." ಇಳಿಸಿದೆ. ರಸ್ತೆಗೆ ಬಿದ್ದ ಕೊಂಬೆ ಕಡಿಯುವ ಕತ್ತಿ, ಹಗ್ಗ, ಗಂಬೂಟು, ತೋಟಕ್ಕೆ ಹಾಕಲು ತಂದಿದ್ದ ಎರಡು ಮೂಟೆ ಸುಣ್ಣ. ಸುಣ್ಣ ಅಲ್ಲಿ ಎರಡು ತಿಂಗಳಿಂದ ಇತ್ತು. ನಮ್ಮ ಕಡೆಯವರಿಗೆ ಡಿಕ್ಕಿ ಕಾರಿನ ಭಾಗವಲ್ಲ, ತೋಟದ ಎರಡನೇ ಗೋಡೌನು. ಅಲ್ಲಿರುವುದು ಭಾರ ಎಂದು ಯಾರಿಗೂ ಅನ್ನಿಸುವುದಿಲ್ಲ. ಮೋನಪ್ಪನವರು ಮೂಟೆ ನೋಡಿದರು, ನನ್ನನ್ನು ನೋಡಿದರು. "ಅಷ್ಟು ದಿನ ಬ್ಯಾಲೆನ್ಸ್ ಮಾಡಿದ್ದು ಕಾರನ್ನಲ್ಲ, ಸುಣ್ಣಾನ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಗುರಾದ ಹಿಂಭಾಗ ಆ ಗಟ್ಟಿ ಸ್ಪ್ರಿಂಗಿನ ಮೇಲೆ ಆಡಿನ ಮರಿಯಂತೆ ಕುಣಿಯಿತು. ಎರಡನೇ ತಿರುವಿನಲ್ಲಿ ಕುಂಡೆ ಬೀಸಿ, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮೈಕಿನವನು, "ಇವ್ರು ಮನೆಗೆ ಹೊರಟ್ರು ಅಂತ ಕಾಣ್ಸುತ್ತೆ" ಎಂದ. ಪಟ್ಟಿಯಲ್ಲಿ ನಾನು ಕೊನೆಯಿಂದ ಎರಡನೆಯವನು.

ನಿಜ ಹೇಳುತ್ತೇನೆ, ನನಗೆ ನಗು ಬರಲಿಲ್ಲ. ಐವತ್ತು ದಾಟಿದ ಗಂಡಸಿಗೆ ಯಾರಿಗೂ ತೊಂದರೆ ಕೊಡದೆ ಹುಚ್ಚಾಟ ಆಡಲು ಎಷ್ಟು ಜಾಗ ಸಿಗುತ್ತದೆ? ನನಗಿದ್ದದ್ದು ಅದೊಂದು ಗದ್ದೆ. ಅದೂ ಹೋಯಿತಲ್ಲ ಎಂದು ಸಂಕಟವಾಯಿತು.

ಸುಣ್ಣದ ಮೂಟೆ ಸಮೇತ ಸಾಮಾನೆಲ್ಲ ಮತ್ತೆ ಡಿಕ್ಕಿಗೆ ತುಂಬಿದೆವು. ನನ್ನ ಮುಖ ನೋಡಿ ಪೂರ್ಣಿಮಾ ಕೀ ಇಸಿದುಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಮೊದಲ ತಿರುವಿನಲ್ಲಿ ಚೆನ್ನಾಗಿ ನಿಧಾನ ಮಾಡಿದಳು. ಮುಂದಿನದರಲ್ಲಿ ಅಷ್ಟು ಮಾಡಲಿಲ್ಲ. ಜಾವಳಿ ಊರು ದಾಟುವ ಹೊತ್ತಿಗೆ ಅವಳ ಕಾಲು ಬ್ರೇಕಿನ ಕಡೆ ಹೋಗುವುದೇ ನಿಂತಿತ್ತು. ನಾನು ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಅಂಗಳದಲ್ಲಿ ಇಂಜಿನ್ ಆರಿಸಿ, ಸ್ಟಿಯರಿಂಗ್ ಬಿಡದೆ ಕೂತೇ ಹೇಳಿದಳು, "ನಾಳೆ ಮೋನಪ್ಪನವ್ರ ಹತ್ರ ಹೋಗ್ಬನ್ನಿ."

"ಹೂಂ. ಹಳೇ ಸ್ಪ್ರಿಂಗ್ ಅಟ್ಟದ ಮೇಲಿದೆ. ಹಾಕಿಸ್ಕೊಂಡ್ ಬರ್ತೀನಿ" ಎಂದೆ.

"ಹಳೇದು ಯಾಕ್ರೀ? ಆ ಸೇತುವೆ ಹತ್ರದ ತಿರುವಲ್ಲಿ ಮೂತಿ ಒಂಚೂರು ಹೊರಗೆ ಎಳೀತು. ಮುಂದಿನ ಚಕ್ರಕ್ಕೆ ಇದಕ್ಕಿಂತ ಮೆತ್ತಗಿಂದು ಸಿಗುತ್ತಾ ಕೇಳಿ" ಎಂದಳು. ಇಳಿಯುವ ಮೊದಲು, "ಹೆಂಗಸರ ವಿಭಾಗಕ್ಕೆ ಹೆಸರು ಕೊಡೋದು ಎಲ್ಲಿ?" ಎಂದೂ ಕೇಳಿದಳು.

ನಾಲ್ಕು ವರ್ಷ ಅವಳ ಜೊತೆ ವಾದ ಮಾಡಿ ಸುಸ್ತಾಗಿದ್ದೆ. ಕೀಯನ್ನು ಮೊದಲೇ ಅವಳ ಕೈಗೆ ಕೊಟ್ಟಿದ್ದರೆ ಸಾಕಾಗಿತ್ತು.