ಚಮಚ ಮೇಸ್ತ್ರಿಯ ಹಜಾರ

ಚಮಚ ಮೇಸ್ತ್ರಿ ಯಾರ ಚಮಚಾಗಿರಿಯನ್ನೂ ಮಾಡಿದವನಲ್ಲ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವನು ಒಂದು ಸ್ಟೀಲ್ ಚಮಚ ಇಟ್ಟುಕೊಳ್ಳುತ್ತಿದ್ದ, ಅಷ್ಟೇ. ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಬಳಿಯುವ ಮೊದಲು ಆ ನೆಲವನ್ನು ಹದ ಮಾಡಿಕೊಡುವುದು ಅವನ ಕಸುಬು. ಎಪಾಕ್ಸಿ ಎಂದರೆ ಮುಖ ಕಾಣುವಷ್ಟು ಹೊಳೆಯುವ ಗಟ್ಟಿ ಲೇಪ. ಹೊಸ ಬೀಗರಿಗಿಂತ ಅದಕ್ಕೆ ಬಿಗುಮಾನ ಹೆಚ್ಚು. ನುಣುಪು ನೆಲಕ್ಕೆ ಹತ್ತುವುದಿಲ್ಲ, ಒದ್ದೆ ನೆಲದ ಮೇಲೆ ನಿಲ್ಲುವುದಿಲ್ಲ, ಒಂದು ಹನಿ ಎಣ್ಣೆ ಕಂಡರೂ ಮುಖ ತಿರುಗಿಸುತ್ತದೆ. ಆದ್ದರಿಂದ ಮೇಸ್ತ್ರಿ ಮೊದಲು ಎಣ್ಣೆ ಕಲೆ ತೊಳೆದು, ಉಜ್ಜುವ ಯಂತ್ರ ಓಡಿಸಿ ನೆಲದ ಮೇಲಿನ ಸಿಮೆಂಟಿನ ತೆಳು ಪೊರೆ ಕಿತ್ತು, ಬಿರುಕುಗಳನ್ನು ಕೊರೆದು ಅಗಲ ಮಾಡಿ ತುಂಬಿ, ಧೂಳನ್ನು ಕಣ ಬಿಡದೆ ಎಳೆದು, ಕೊನೆಗೆ ಎರಡು ಪರೀಕ್ಷೆ ಮಾಡುತ್ತಿದ್ದ.

ಮೊದಲನೆಯದು ಚಮಚದ್ದು. ನೆಲದ ಮೇಲೆ ಒಂದು ಚಮಚ ನೀರು ಬಿಡುವುದು. ನೀರು ಗುಂಡಗೆ ನಿಂತರೆ ಪೊರೆ ಇನ್ನೂ ಉಳಿದಿದೆ, ಮತ್ತೆ ಉಜ್ಜಬೇಕು. ನೆಲ ನೀರನ್ನು ಗುಟುಕ್ಕನೆ ಕುಡಿದರೆ ಉಜ್ಜಿದ್ದು ಸಾಕು. ಎರಡನೆಯದು ಪ್ಲಾಸ್ಟಿಕ್ಕಿನದು. ಎರಡಡಿ ಚೌಕದ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡುವುದು. ಮರುದಿನ ಹಾಳೆಯ ಒಳಗೆ ಬೆವರ ಹನಿ ಕಂಡರೆ ನೆಲದೊಳಗೆ ತೇವ ಇದೆ, ಕಾಯಬೇಕು.

ಊರವರ ನೆಲಗಳಲ್ಲಿ ಇದೆಲ್ಲ ನಾಲ್ಕೈದು ದಿನದ ಕೆಲಸ. ತನ್ನ ಮನೆಯ ಹಜಾರದಲ್ಲಿ ಮಾತ್ರ ಅವನು ಇದನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತನ್ನು ಅವನ ಹೆಂಡತಿ ದಿನಕ್ಕೆರಡು ಸಲ ಹೇಳಿ ಹೇಳಿ, ಈಗ ಬರೀ "ಊರಿಗೆ" ಎಂದು ನಿಲ್ಲಿಸಿದರೂ ಎಲ್ಲರಿಗೂ ಅರ್ಥವಾಗುತ್ತಿತ್ತು.

ಹಜಾರದ ನಟ್ಟನಡುವೆ ಆ ಪ್ಲಾಸ್ಟಿಕ್ ಹಾಳೆ ಮನೆಯ ಹಿರಿಯರಂತೆ ಇತ್ತು. ಅದನ್ನು ಯಾರೂ ದಾಟುವಂತಿರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ ಹೋಗುವವರು ಗೋಡೆ ಹಿಡಿದು ಸುತ್ತು ಬಳಸಿ ಹೋಗಬೇಕು. ಮಗಳು ಅದರ ಸುತ್ತಲೇ ನಡೆದು ಶಾಲೆ ಮುಗಿಸಿದಳು, ಸುತ್ತಲೇ ನಡೆದು ಮದುವೆಯಾಗಿ ಹೋದಳು. ಒಮ್ಮೆ ಹೆಂಡತಿಯ ಅಕ್ಕನ ಮನೆಗೆ ಮೂವರೂ ಹೋದಾಗ, ಅಲ್ಲಿನ ಖಾಲಿ ಹಜಾರದಲ್ಲೂ ಸಾಲಾಗಿ ಗೋಡೆಯ ಪಕ್ಕದಿಂದಲೇ ಸುತ್ತಿ ಹೋಗಿ ಕುರ್ಚಿಯಲ್ಲಿ ಕುಳಿತರು. ಅಕ್ಕನ ಗಂಡ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನೀರು ತರಲು ಎದ್ದವನು, ತನ್ನದೇ ಮನೆಯಲ್ಲಿ, ಗೋಡೆ ಹಿಡಿದು ಹೋದ.

ಚಾಪೆ ಹಾಸುವಂತಿಲ್ಲ, ತೇವ ಹೊರಗೆ ಹೋಗಬೇಕು. ನೆಲ ಒರೆಸುವಂತಿಲ್ಲ, ಒದ್ದೆಯಾಗುತ್ತದೆ. ಉಜ್ಜಿ ಬಿಟ್ಟ ನೆಲವಾದ್ದರಿಂದ ಅದು ಕಾಯಿ ತುರಿಯುವಷ್ಟು ಒರಟು. ಹೆಂಡತಿಯ ಹಿಮ್ಮಡಿ ಸವೆದು ಹೋಗಿತ್ತು. ಮೇಸ್ತ್ರಿ ಮಾತ್ರ ದಿನಾ ಬೆಳಿಗ್ಗೆ ಎದ್ದು ಹಾಳೆಯ ನಾಲ್ಕೂ ಬದಿಯಲ್ಲಿ, ಟೇಪಿಗೆ ಒತ್ತಿಕೊಂಡ ಹಾಗೆ, ಒಂದೊಂದು ಚಮಚ ನೀರು ಬಿಡುತ್ತಿದ್ದ. ನೆಲ ಗುಟುಕ್ಕನೆ ಕುಡಿಯುತ್ತಿತ್ತು. ಅವನಿಗೆ ಸಂತೋಷ. ಆಮೇಲೆ ಹಾಳೆ ಎತ್ತುತ್ತಿದ್ದ. ಒಳಗೆ ಹನಿಗಳು. "ಇನ್ನೂ ಬೆವರ್ತಾ ಇದೆ ಕಣೇ," ಎಂದು ಹೊಸ ಹಾಳೆ ಅಂಟಿಸುತ್ತಿದ್ದ. ಬೇರೆಯವರ ನೆಲಕ್ಕೆ ಒಂದು ಸಲ ಮಾಡಿದರೆ ಸಾಕು. ಇದು ಸ್ವಂತ ಮನೆ, ದಿನಾ ನೋಡುವುದು ಒಳ್ಳೆಯದು ಎಂದು ಅವನ ಲೆಕ್ಕ. ಆ ತೇವದ ಮೂಲ ಹುಡುಕಲು ಅವನು ಪಕ್ಕದ ಮನೆಯ ಕೊಳಾಯಿ ಬಿಚ್ಚಿಸಿದ, ಎದುರು ಮನೆಯ ಟ್ಯಾಂಕಿನೊಳಗೆ ಇಳಿದ, ಹಿತ್ತಲಲ್ಲಿ ಆಳೆತ್ತರ ಗುಂಡಿ ತೋಡಿದ. ಗುಂಡಿಯಲ್ಲಿ ಸಿಕ್ಕಿದ್ದು ಒಂದು ಹಳೆಯ ಚಪ್ಪಲಿ, ಅದೂ ಒಣಗಿದ್ದು.

ಅವನನ್ನು ಹುಚ್ಚ ಎನ್ನುವುದು ಸುಲಭ. ಆದರೆ ಬಿಸಿ ಹಾಲಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಮದುವೆಯಾದ ಹೊಸತರಲ್ಲಿ ಅವನು ಮೊದಲ ಬಾರಿಗೆ ಸ್ವಂತವಾಗಿ ಒಪ್ಪಿಕೊಂಡ ಕೆಲಸ ಒಂದು ಔಷಧಿ ಗೋದಾಮಿನದು. ಅವಸರದಲ್ಲಿ ಪರೀಕ್ಷೆ ಮಾಡದೆ ಬಳಿದ. ಎಂಟನೇ ದಿನಕ್ಕೆ ಲೇಪ ಹಾಲಿನ ಕೆನೆಯಂತೆ ಎದ್ದಿತು. ತಳ್ಳುಗಾಡಿಯ ಚಕ್ರಕ್ಕೆ ಅಂಟಿಕೊಂಡು, ಗಾಡಿ ಹೋದಲ್ಲೆಲ್ಲ ನೆಲವೂ ಹಿಂದೆ ಹಿಂದೆ ಹೋಯಿತು. ಗೋದಾಮಿನ ಯಜಮಾನ ಬಹಳ ಮರ್ಯಾದಸ್ಥ. ಬೈಯಲಿಲ್ಲ. ನೆಲವನ್ನು ಚಾಪೆಯ ಹಾಗೆ ಸುತ್ತಿ, ಹಗ್ಗ ಕಟ್ಟಿ, ಇಬ್ಬರ ಕೈಲಿ ಹೊರಿಸಿಕೊಂಡು ಮನೆಗೇ ಬಂದ. ಬಾಗಿಲು ತೆಗೆದವಳು ಹೊಸ ಹೆಂಡತಿ. "ನಿಮ್ಮ ಯಜಮಾನ್ರು ನೆಲ ನಮ್ಮಲ್ಲೇ ಬಿಟ್ಟು ಬಂದಿದ್ರಮ್ಮ," ಎಂದು ಕೊಟ್ಟು ಹೋದ. ಆ ಸುರುಳಿಯನ್ನು ಅವಳು ಅಟ್ಟಕ್ಕೆ ಹಾಕಿಸಿದಳು. ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತಿನಿಂದ ಅವನು ಬಳಿಯುವ ಕೆಲಸವನ್ನೇ ಬಿಟ್ಟ. ಹದ ಮಾಡುವುದು ತಾನು, ಬಳಿಯುವುದು ಹೆಂಡತಿಯ ತಮ್ಮ ಎಂದು ಪಾಲು ಮಾಡಿಕೊಂಡ. ತನ್ನ ಮನೆಯ ನೆಲವನ್ನು ಮಾತ್ರ ತಾನೇ ಬಳಿಯಬೇಕೆಂಬ ಆಸೆ ಇತ್ತು. ಆಸೆ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು.

ಹೀಗೇ ಇನ್ನೂ ಹನ್ನೊಂದು ವರ್ಷ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಮಗಳ ಫೋನು ಬಂತು. ಅವಳ ಎಂಟು ತಿಂಗಳ ಕೂಸು ಅಂಬೆಗಾಲಿಡಲು ಶುರು ಮಾಡಿತ್ತು. "ಮುಂದಿನ ತಿಂಗಳು ಬರೋಣ ಅಂತಿದ್ದೆ. ಆದ್ರೆ ಆ ನೆಲದ ಮೇಲೆ ಮಗೂನ ಬಿಡೋದು ಹೇಗಪ್ಪ? ಮಂಡಿ ತರಚಿ ಹೋಗುತ್ತೆ. ಮುಗಿದ ಮೇಲೆ ಹೇಳಿ, ಬರ್ತೀನಿ."

ಹೆಂಡತಿ ಫೋನು ಕೆಳಗಿಟ್ಟಳು. ಅವಳಿಗೆ ಕೋಪ ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ.

"ರೀ, ಮಗು ಬರೋಷ್ಟ್ರಲ್ಲಿ ನೆಲ ಮುಗೀಬೇಕು. ಇಲ್ಲ ಅಂದ್ರೆ ನಾನೇ ಮಗಳ ಮನೆಗೆ ಹೋಗ್ತೀನಿ. ಹೋದ್ರೆ ವಾಪಸ್ ಬರಲ್ಲ. ನೀವು ನಿಮ್ಮ ಪ್ಲಾಸ್ಟಿಕ್ ಜೊತೆ ಸಂಸಾರ ಮಾಡ್ಕೊಂಡಿರಿ."

"ಬೆವರ್ತಾ ಇದೆಯಲ್ಲೇ. ತಾಳಿದವನು ಬಾಳಿಯಾನು ಅಂತಾರೆ."

"ತಾಳಿದ್ದು ನಾನು. ಬಾಳಿದ್ದು ಯಾರು?"

ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು ಎಂದು ಮೇಸ್ತ್ರಿಗೆ ಗೊತ್ತಿತ್ತು.

ಅದೇ ವಾರ ಬೇರೆ ಊರಿನ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಹತ್ತು ದಿನದ ಕೆಲಸ ಬಂತು. ಬಿಡುವಂತಿರಲಿಲ್ಲ. ಮೊದಲ ಏಳು ದಿನ ಉಜ್ಜುವುದು ಇವನು. ಎಂಟನೇ ದಿನ ಭಾವಮೈದುನ ಬಂದು ಬಳಿಯುವುದು. ಚಮಚವನ್ನು ಜೇಬಿಗೆ ಹಾಕಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ, "ದಿನಾ ಹಾಳೆ ಎತ್ತಿ ನೋಡಿ ಫೋನ್ ಮಾಡು," ಎಂದ.

ಮೊದಲ ದಿನ ಅವಳು, "ಹನಿ ಇದೆ," ಎಂದಳು. ಎರಡನೇ ದಿನ, "ಸ್ವಲ್ಪ ಇದೆ." ಮೂರನೇ ದಿನ, "ಇಲ್ಲ."

"ಸರಿಯಾಗಿ ನೋಡು. ಕನ್ನಡಕ ಹಾಕ್ಕೊಂಡು ನೋಡು."

"ಹಾಕ್ಕೊಂಡೇ ನೋಡ್ದೆ. ಕೈಯಲ್ಲಿ ಸವರಿಯೂ ನೋಡ್ದೆ. ಒಣಗಿ ಕೂತಿದೆ."

ಮೇಸ್ತ್ರಿಗೆ ಸಂತೋಷವಾಗಬೇಕಿತ್ತು. ಅವನಿಗೆ ಅವತ್ತು ಊಟ ಸೇರಲಿಲ್ಲ. ಗಾಳಿ ಬದಲಾಗಿರಬೇಕು, ಎರಡು ದಿನಕ್ಕೆ ಮತ್ತೆ ಬೆವರುತ್ತದೆ ಎಂದು ತನಗೇ ಸಮಾಧಾನ ಹೇಳಿಕೊಂಡ. ನಾಲ್ಕನೇ ದಿನದಿಂದ ಅವಳೇ ಫೋನು ಮಾಡಲಿಲ್ಲ. ಇವನು ಮಾಡಿದರೆ, "ಕೆಲಸ ಇದೆ, ಇಡ್ರೀ," ಎಂದಳು. ಹಿಂದೆ ಯಾವುದೋ ಯಂತ್ರದ ಸದ್ದು. ಮಿಕ್ಸಿ ಇರಬೇಕು ಎಂದುಕೊಂಡ. ಅಷ್ಟು ಹೊತ್ತು ಯಾರು ಏನು ರುಬ್ಬುತ್ತಾರೆ ಎಂದು ಕೇಳಿಕೊಳ್ಳಲಿಲ್ಲ.

ಎಂಟನೇ ದಿನ ಭಾವಮೈದುನ ಬಂದ. ಕಾರ್ಖಾನೆಗೆ ಬಳಿಯಬೇಕಾದ್ದು ಬೂದು ಬಣ್ಣ. ಅವನ ಮೊಣಕೈ ಮೇಲೆ ತಿಳಿ ಹಸಿರಿನ ಕಲೆ.

"ಎಲ್ಲಿ ಕೆಲಸ ಮಾಡಿ ಬಂದೆ?"

"ಒಂದು ಮನೆ, ಭಾವ. ಸಣ್ಣ ಹಜಾರ. ನೆಲ ಮಾತ್ರ ಭಾರಿ ಹದವಾಗಿತ್ತು. ಹನ್ನೊಂದು ವರ್ಷ ತಯಾರಿ ಮಾಡಿರೋ ನೆಲ ನಾನು ಎಲ್ಲೂ ನೋಡಿಲ್ಲ."

ಮೇಸ್ತ್ರಿ ಧೂಳು ಎಳೆಯುವ ಯಂತ್ರ ನಿಲ್ಲಿಸಿದ. ಉಳಿದ ಎರಡು ದಿನ ಹೇಗೆ ಕಳೆದನೋ ಅವನಿಗೇ ಗೊತ್ತಿಲ್ಲ.

ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಹಜಾರ ತಿಳಿ ಹಸಿರಾಗಿ ಹೊಳೆಯುತ್ತಿತ್ತು. ಕಿಟಕಿ ನೆಲದೊಳಗೆ ತಲೆಕೆಳಗಾಗಿ ಕಾಣುತ್ತಿತ್ತು. ನಡುವೆ ಮಾತ್ರ ಎರಡಡಿ ಚೌಕದ ಜಾಗ ಒರಟಾಗಿ, ಬೂದಿಯ ಬಣ್ಣದಲ್ಲಿ ಹಾಗೇ ಉಳಿದಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಟೇಪು. ಅವನು ಗೋಡೆ ಹಿಡಿದು ಸುತ್ತಿ ಹೋಗಿ ಅದರ ಪಕ್ಕ ಮಂಡಿಯೂರಿದ. ಹಾಳೆ ಎತ್ತಿದ. ಒಣಗಿತ್ತು. ಕೈ ತಾನಾಗಿ ಜೇಬಿಗೆ ಹೋಗಿ ಚಮಚ ತೆಗೆಯಿತು.

ಹೆಂಡತಿ ಲೋಟದಲ್ಲಿ ನೀರು ತಂದಿದ್ದಳು. ಕೊಡಲಿಲ್ಲ.

"ಹತ್ತು ದಿನ ಚಮಚ ಊರಲ್ಲಿರ್ಲಿಲ್ಲ," ಎಂದಳು. "ನೆಲ ಬೆವರ್ಲಿಲ್ಲ."

ಮೇಸ್ತ್ರಿ ಚಮಚ ನೋಡಿದ, ಚೌಕ ನೋಡಿದ. ದಿನಕ್ಕೆ ನಾಲ್ಕು ಚಮಚ, ಹನ್ನೊಂದು ವರ್ಷ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನೂ ಎದುರು ಮನೆಯವರ ಟ್ಯಾಂಕಿಗೆ ಇಳಿದಿರಲಿಕ್ಕಿಲ್ಲ.

"ಮೊದ್ಲೇ ಗೊತ್ತಿತ್ತಾ ನಿನಗೆ?"

"ಮೂರನೇ ದಿನ ಗೊತ್ತಾಯ್ತು. ಒಂದು ಗಂಟೆ ನಕ್ಕೆ. ಆಮೇಲೆ ಅತ್ತೆ. ಆಮೇಲೆ ತಮ್ಮನಿಗೆ ಫೋನ್ ಮಾಡ್ದೆ." ಅವಳು ಮೂಲೆಯಲ್ಲಿದ್ದ ಸಣ್ಣ ಡಬ್ಬಿ ಮತ್ತು ರೋಲರ್ ತೋರಿಸಿದಳು. "ಈ ಚೌಕ ಮಾತ್ರ ಬಿಡಿಸಿದ್ದೀನಿ. ನಿಮ್ಮ ಕೈಯಿಂದಾನೇ ಆಗ್ಬೇಕು ಅಂತಿದ್ರಲ್ಲ. ನಾಳಿದ್ದು ಮಗು ಬರುತ್ತೆ."

ಮೇಸ್ತ್ರಿ ನೆವ ಹುಡುಕಿದ. ಬಿರುಕು ಇರಲಿಲ್ಲ. ಧೂಳು ಇರಲಿಲ್ಲ. ಎಣ್ಣೆ ಇರಲಿಲ್ಲ. ತೇವ ಮೊದಲೇ ಇರಲಿಲ್ಲ. ಹೆದರಿಕೆಯೊಂದೇ ಉಳಿದಿತ್ತು. ಅದನ್ನು ಅವನು ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದ.

"ಎದ್ದು ಬಂದ್ರೆ ಏನೇ ಮಾಡೋದು?"

ಅವಳು ಲೋಟದ ನೀರನ್ನು ತಾನೇ ಕುಡಿದಳು.

"ಸುತ್ತಿ ಅಟ್ಟಕ್ಕೆ ಹಾಕೋಣ. ಆ ಗೋದಾಮಿನ ಸುರುಳಿ ಪಕ್ಕದಲ್ಲಿ ಇನ್ನೂ ಜಾಗ ಇದೆ."

ಮೇಸ್ತ್ರಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಮುಚ್ಚಳ ತೆಗೆಯಲು ಏನಾದರೂ ಬೇಕಲ್ಲ ಎಂದು ಹುಡುಕಿ, ಚಮಚದ ಹಿಡಿಕೆಯಿಂದಲೇ ಅದನ್ನು ಮೀಟಿದ.