ವಾರಗಿತ್ತಿಯ ನೀಲಿ ಹೂ

ಬೆಟ್ಟದೂರು ಸಗಾಡದ ಮೇಲಿನ ಕೇರಿಗೆ ಆಲ್ಬಿನಾ ಸೊಸೆಯಾಗಿ ಬಂದು ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷವೂ ಮನೆಯ ಹಿಂದಿನ ಪೈನ್ ತೋಪಿನ ಇಳಿಜಾರಿನಲ್ಲಿ ಏನಾದರೂ ಬೆಳೆಯಬೇಕೆಂದು ಹೆಣಗಿದ್ದಳು. ಚೆಂಡುಹೂ ಹಾಕಿದಳು, ಸೊರಗಿತು. ಬೀನ್ಸ್ ಬಳ್ಳಿ ಬೆಳಕು ಹುಡುಕಿಕೊಂಡು ದಾರದಂತೆ ಉದ್ದವಾಗಿ ಒಣಗಿತು. ಗುದ್ದಲಿ ಇಟ್ಟಲ್ಲೆಲ್ಲ ಬೇರು, ಗುಡಿಸಿದಷ್ಟೂ ಸೂಜಿಯೆಲೆ. ಕೊನೆಗೆ, "ಈ ಮರದ ಕೆಳಗೆ ಹುಲ್ಲೂ ಬದುಕಲ್ಲ ಬಿಡಿ ಅತ್ತೆ," ಎಂದು ಕೈಬಿಟ್ಟಳು.

ಆಮೇಲೆ ಮೈದುನ ಡಿಯೊನಿಸಿಯೊ ಅಟೋಕ್ ಕಡೆಯ ಲೊರೆಂಜಾಳನ್ನು ಮದುವೆಯಾಗಿ ಕರೆತಂದ. ಅತ್ತೆ ಇಳಿಜಾರನ್ನು ಎರಡು ಪಾಲು ಮಾಡಿ ರಸ್ತೆ ಕಡೆಯದನ್ನು ಕಿರಿಸೊಸೆಗೆ ಕೊಟ್ಟಳು. ಲೊರೆಂಜಾ ಒಂದು ತಿಂಗಳು ಗುದ್ದಲಿಯನ್ನೇ ಮುಟ್ಟಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಾಫಿ ಲೋಟ ಹಿಡಿದು ಮರಗಳ ಕೆಳಗೆ ಕೂರುವುದು, ಬಿಸಿಲು ಬಿದ್ದಲ್ಲಿ ಒಂದೊಂದು ಕಲ್ಲಿಡುವುದು.

"ಏನ್ ತಂಗಿ, ಕಲ್ಲು ಬಿತ್ತನೆನಾ?" ಎಂದಳು ಆಲ್ಬಿನಾ.

"ಹೌದಕ್ಕ. ಮೊಳಕೆ ಬಂದ್ರೆ ನಿಮ್ಗೂ ಎರಡು ಕೊಡ್ತೀನಿ."

ಬಿಸಿಲೇ ಬೀಳದ ಕಡೆ ಲೊರೆಂಜಾ ಹಳ್ಳದಿಂದ ತಂದ ಜರಿಗಿಡ ಇಟ್ಟಳು. ಎಲೆಗಳ ಸಂದಿಯಿಂದ ಬೆಳಕು ಚುಕ್ಕಿಯಾಗಿ ಇಳಿಯುವಲ್ಲಿ ಕಾಡು ಬಿಗೋನಿಯಾ, ಅದಕ್ಕೂ ಕೆಳಗೆ ಕಾಫಿ. ಹತ್ತು ಗಂಟೆಯವರೆಗೆ ಎಳೆಬಿಸಿಲು ಬೀಳುವ ರಸ್ತೆಯಂಚಿಗೆ ತವರಿನ ಮಿಲ್‌ಫ್ಲೋರೆಸ್ ಕಡ್ಡಿಗಳು. ಒಂದೇ ಗೊಂಚಲಿನಲ್ಲಿ ನೂರಾರು ಪುಟ್ಟ ಹೂ ಬಿಡುವ ಗಿಡ ಅದು. ಬೇರು ಕಡಿಯಲಿಲ್ಲ, ಎರಡು ಬೇರಿನ ನಡುವೆ ಮುಷ್ಟಿಯಷ್ಟು ಗುಂಡಿ, ಅದಕ್ಕೆ ಕೊಳೆತೆಲೆಯ ಮಣ್ಣು, ಬೆರಳುದ್ದದ ಸಸಿ. ಇದ್ದ ನೀರನ್ನೆಲ್ಲ ಮರಗಳೇ ಹೀರುತ್ತವೆಂದು ಬೇಸಿಗೆಯಿಡೀ ಡಬ್ಬದಲ್ಲಿ ನೀರು ಹೊತ್ತಳು.

ಮೂರನೇ ವರ್ಷ ರಸ್ತೆಯಂಚು ನೀಲಿಯಾಯಿತು. ಚರ್ಚಿಗೆ ಹೋಗುವವರು ನಿಂತು ನೋಡತೊಡಗಿದರು. "ಕೈಗುಣ ಅಂದ್ರೆ ಇದು," ಎಂದಳು ಅತ್ತೆ, ಅನ್ನ ಬಡಿಸುತ್ತಿದ್ದ ಆಲ್ಬಿನಾಳ ಎದುರಿಗೇ. ಆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಇಷ್ಟು ವರ್ಷ ಗದ್ದೆ ನಾಟಿ ಮಾಡಿದ್ದು, ಹಂದಿ ಸಾಕಿದ್ದು, ಇದೇ ಅತ್ತೆಯ ಮುರಿದ ಕಾಲಿಗೆ ಎಣ್ಣೆ ತಿಕ್ಕಿದ್ದು ಯಾವ ಕೈ? ಗಂಡ ಬಲ್ತಜಾರ್ ಕೂಡ ಬಂದ ನೆಂಟರನ್ನು ಮೊದಲು ಕರೆದೊಯ್ಯುತ್ತಿದ್ದುದು ಆ ಹೂಗಳ ಹತ್ತಿರಕ್ಕೇ. ಆಲ್ಬಿನಾ ಚರ್ಚಿಗೆ ಸುತ್ತುದಾರಿ ಹಿಡಿದಳು. ಆದರೂ ಅಡುಗೆಮನೆ ಕಿಟಕಿಯಿಂದ ಎಷ್ಟು ಜನ ನಿಂತರೆಂದು ಎಣಿಸುವುದನ್ನು ಬಿಡಲಾಗಲಿಲ್ಲ.

ಡಿಸೆಂಬರಿನಲ್ಲಿ ಲೊರೆಂಜಾಳ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂತು. ಹೊರಡುವಾಗ ನೀರಿನ ಡಬ್ಬವನ್ನು ಆಲ್ಬಿನಾಳ ಕೈಗೇ ಕೊಟ್ಟಳು. "ಅಕ್ಕ, ಹತ್ತು ದಿನ ನೋಡ್ಕೊಳ್ಳಿ. ಬೇರೆ ಯಾರ್ನೂ ನಂಬಲ್ಲ ನಾನು."

ಹಿಂದೊಮ್ಮೆ ಬುಡಕ್ಕೆ ಬೂದಿ ಹೆಚ್ಚಾಗಿ ಆಲ್ಬಿನಾಳ ಮೆಣಸಿನ ಗಿಡಗಳು ಸುಟ್ಟುಹೋಗಿದ್ದವು. ಅದು ನೆನಪಾಯಿತು. ಹಂದಿಗೆ ಗೆಣಸು ಬೇಯಿಸುವ ಒಲೆಯ ಬೂದಿಯನ್ನು ದಿನವೂ ಬುಟ್ಟಿಯಲ್ಲಿ ಒಯ್ದು, ರಸ್ತೆಗೆ ಹತ್ತಿರದ ಐದು ಪೊದೆಗಳಿಗೆ ಸುರಿದಳು. ಮೇಲೆ ಸೂಜಿಯೆಲೆ ಮುಚ್ಚಿ ನೀರು ಹಾಕಿದಳು. ಎಲೆಗಳು ತುಸು ಬಿಳಿಚಿಕೊಂಡಾಗ ಹೊಟ್ಟೆ ತಣ್ಣಗಾಯಿತು. ಆದರೆ ಪೊದೆಗಳು ಸಾಯಲಿಲ್ಲ, ಚಿಗುರಿದವು.

ಏಪ್ರಿಲಿನಲ್ಲಿ ಆ ಐದು ಪೊದೆಗಳು ಗುಲಾಬಿ ಬಣ್ಣದ ಹೂ ಬಿಟ್ಟವು. ನೀಲಿಯ ಸಾಲಿನ ನಡುವೆ ಗುಲಾಬಿ! ಪಕ್ಕದ ಹಳ್ಳಿಯವರೂ ನೋಡಲು ಬಂದರು. ಮಗಳ ಮದುವೆಗೆ ಹೂ ಕೇಳಲು ಬಂದ ಮಾರ್ಸೆಲಾ ಅಂಗಳದಲ್ಲಿ ಎಲ್ಲರೆದುರಿಗೆ, "ಏನ್ ಮಾಟ ಮಾಡ್ದೆ ಲೊರೆಂಜಾ?" ಎಂದಳು.

"ನಾನಲ್ಲ, ಆಲ್ಬಿನಕ್ಕ ಮಾಡಿದ್ದು. ಬೂದಿ ಹಾಕಿದ್ರು. ಬುಡಕ್ಕೆ ಬೂದಿ ಬಿದ್ರೆ ಈ ಗಿಡದ ನೀಲಿ ಹೂ ಗುಲಾಬಿ ಆಗುತ್ತೆ."

ಎಲ್ಲರ ಕಣ್ಣೂ ಆಲ್ಬಿನಾಳತ್ತ ತಿರುಗಿತು. ಅವಳಿಗೆ ಕಿವಿಯವರೆಗೂ ಬೆಂಕಿ ಹತ್ತಿದಂತಾಯಿತು. ಹೊಗಳುತ್ತಿದ್ದಾಳೋ, ಮಾನ ಕಳೆಯುತ್ತಿದ್ದಾಳೋ ತಿಳಿಯಲಿಲ್ಲ. ಜನ ಹೋದ ಮೇಲೆ ಕೇಳಿದಳು: "ಯಾವಾಗ ಗೊತ್ತಾಯ್ತು?"

"ಊರಿಂದ ಬಂದ ದಿನಾನೇ. ಎಲೆ ಸರಿಸಿದ್ರೆ ಬೆಳ್ಳಗೆ ಬೂದಿ."

"ಮತ್ತೆ ಬೈಲಿಲ್ಲ ಯಾಕೆ?"

"ಬೈಬೇಕು ಅಂತ್ಲೇ ನಿಮ್ಮ ಬಾಗಿಲವರೆಗೂ ಬಂದೆ. ಒಳಗೆ ಅತ್ತೆ ನಿಮ್ಮೆದುರಿಗೆ ನನ್ನ ಹೊಗಳ್ತಾ ಇದ್ರು. ನಿಮ್ಮ ಮುಖ ನೋಡ್ದೆ. ತವರಲ್ಲಿ ನಮ್ಮಕ್ಕನ್ನ ಹೊಗಳ್ವಾಗ ನಾನೂ ಹಂಗೇ ಕೂತಿರ್ತಿದ್ದೆ. ವಾಪಸ್ ಹೋದೆ."

ಆಲ್ಬಿನಾ ಅಳಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಮದುವೆಯ ದಿನ ಗುಲಾಬಿ ಗೊಂಚಲುಗಳನ್ನು ತಾನೇ ಕೊಯ್ದು ಚರ್ಚಿಗೆ ಹೊತ್ತಳು. ಲೊರೆಂಜಾ ಜರಿಯೆಲೆ ಹಿಡಿದು ಹಿಂದೆ ನಡೆದಳು.

ಆ ಮಳೆಗಾಲ ಆಲ್ಬಿನಾ ತನ್ನ ಪಾಲಿನ ಇಳಿಜಾರಿನಲ್ಲಿ ಬಿಸಿಲು ಬೀಳುವ ಜಾಗ ನೋಡುತ್ತ ಕೂರತೊಡಗಿದಳು. ಲೊರೆಂಜಾ ಕೊಟ್ಟ ಜರಿಯನ್ನೂ ಬಿಗೋನಿಯಾವನ್ನೂ ತೆಗೆದುಕೊಂಡಳು, ನೆಟ್ಟಳು, ಬದುಕಿಸಿದಳು. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ವಾರಗಿತ್ತಿಯ ಹತ್ತಿರ ಇಲ್ಲದ್ದು ಬೇಕಿತ್ತು. ಒಂದು ದಿನ ಬುಟ್ಟಿಯಲ್ಲಿ ಅನ್ನ ಕಟ್ಟಿಕೊಂಡು ಮಂಜುಕಾಡಿನವರೆಗೂ ಏರಿದಳು. ಬೆಳ್ಳಿ ಬಣ್ಣದ ಚುಕ್ಕೆಗಳಿದ್ದ ಅಗಲ ಎಲೆಯ ಗಿಡವೊಂದನ್ನು ಪಾಚಿಯಲ್ಲಿ ಸುತ್ತಿ ಎದೆಗವಚಿಕೊಂಡು ಇಳಿದಳು. ಎರಡು ವರ್ಷದಲ್ಲಿ ಅದು ಮರಗಳ ಕೆಳಗೆ ಚಾಪೆಯಂತೆ ಹಬ್ಬಿತು.

ಕಣ್ಣು ಮಂಜಾಗಿದ್ದ ಅತ್ತೆ ಕೋಲೂರಿ ಬಂದು ಬಗ್ಗಿ ನೋಡಿದಳು. "ಚೆನ್ನಾಗಿದೆ ಕಣೆ. ಇದೂ ಲೊರೆಂಜಾದಾ?"

"ಅಲ್ಲ ಅತ್ತೆ, ನಂದು!" ಎಂದಳು ಆಲ್ಬಿನಾ, ಆಚೆ ಪಾಲಿನಲ್ಲಿ ಕಾಫಿ ಬಿಡಿಸುತ್ತಿದ್ದ ವಾರಗಿತ್ತಿಗೂ ಕೇಳುವ ಹಾಗೆ.